ಹನ್ನೊಂದನೆಯ ಸೆಲ್ಲು

ಐವತ್ತೈದು ಪಾಯಿಂಟ್ ಎರಡು. ಇಷ್ಟು ಕಮ್ಮಿ ಯಾಕಿಟ್ಟರು? ಮರೆತೋ, ಹೆದರಿಯೋ, ಇಲ್ಲ ಕೈ ನಡುಗಿ ತಪ್ಪು ಗುಂಡಿ ಒತ್ತಿಯೋ? ನಿರಂಜನ್ ಹಿತ್ತಲ ಕೋಣೆಯ ಗೋಡೆಗೆ ತೂಗಿಹಾಕಿದ್ದ ಇನ್ವರ್ಟರಿನ ಮುಂದೆ ನಿಂತು ಬೆರಳನ್ನು ಗುಂಡಿಯ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ. ಈ ಬಗೆಯ ಬ್ಯಾಟರಿಯನ್ನು ಐವತ್ತಾರು ಪಾಯಿಂಟ್ ಎಂಟು ವೋಲ್ಟಿನವರೆಗೆ ತುಂಬಿಸಬಹುದೆಂದು ಸೆಲ್ ಮಾಡಿದ ಕಂಪನಿಯ ಹಾಳೆಯೇ ಹೇಳುತ್ತದೆ. ಐದು ವರ್ಷದ ಹಿಂದೆ ಅವನೇ ಕೈಯಾರೆ ಜೋಡಿಸಿ ಕೂರಿಸಿದ ಬ್ಯಾಟರಿ, ಅವನೇ ಹಾಕಿಟ್ಟ ಅಂಕಿ. ಇಳಿಸಿದವರು ಮೂಡಲಗಿರಿಯಪ್ಪ. ಕೇಳೋಣವೆಂದರೆ ಅವರು ನಡುಮನೆಯಲ್ಲಿ, ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆಯೊಳಗೆ ಮಲಗಿದ್ದರು.

ಆ ಪೆಟ್ಟಿಗೆ ಓಡುತ್ತಿದ್ದುದೂ ಇದೇ ಬ್ಯಾಟರಿಯ ಮೇಲೆ. ಆಷಾಢದ ಗಾಳಿಗೆ ರಾತ್ರಿ ಎಲ್ಲೋ ಮರ ಬಿದ್ದು, ಲೈನು ಹರಿದು, ಚಿಕ್ಕಜಾಜೂರಿನ ಈ ಬದಿಗೆ ಬೆಳಗಿನಿಂದ ಕರೆಂಟಿರಲಿಲ್ಲ. ಸಂಜೆಗೆ ಬರುತ್ತದೆ ಎಂದು ಲೈನ್‌ಮನ್ ಹೇಳಿ ಹೋಗಿದ್ದ. ಯಾವ ಸಂಜೆ ಎಂದು ಹೇಳಿರಲಿಲ್ಲ.

"ಏನಪ್ಪ ನಿರಂಜನ, ತಡ್ಕಣ್ತೈತಾ ಅದು?"

ಬಾಗಿಲಲ್ಲಿ ದೊಡ್ಡತಿಮ್ಮಪ್ಪ ನಿಂತಿದ್ದರು, ಸತ್ತವರ ಅಣ್ಣ. ಟವೆಲನ್ನು ತಲೆಗೆ ಸುತ್ತಿ ಬೆಳಗಿನಿಂದ ಎಲ್ಲದಕ್ಕೂ ಅಪ್ಪಣೆ ಕೊಡುತ್ತಿದ್ದ ಮುದುಕ.

"ಸಂಜೆ ತನಕ ತೊಂದ್ರೆ ಇಲ್ಲ ಅಜ್ಜ."

"ಯಾವ ಸಂಜೆ? ಯಮುನಾ ಫೋನ್ ಮಾಡಿದ್ಲು. ರೈಲು ಗದಗದಾಗೇ ನಿಂತೈತಂತೆ, ಎರಡು ಗಂಟೆ ಲೇಟು. ಐದೂವರೆ ಅಂತಾಳೆ. ನಾನು ಆರು ಅಂತ ಇಟ್ಕಂಡಿದೀನಿ. ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು. ಮಧ್ಯದಾಗೆ ಈ ಪೆಟ್ಟಿಗೆ ಏನಾರ ನಿಂತ್ಕಂತೋ, ನಾನು ಯಾರ್ನೂ ಕಾಯಲ್ಲ. ನಿನ್ನೆ ಮಧ್ಯಾಹ್ನ ಹೋದ ಜೀವ. ಎತ್ತಿಬಿಡಾದೇ."

ಅವರ ಹಿಂದೆ ಗೋಡೆಗೆ ಒರಗಿ ಕುಳಿತಿದ್ದ ಸತ್ತವರ ಹೆಂಡತಿ ಉಚ್ಚಂಗಮ್ಮ ತಲೆ ಎತ್ತಿದರು. ಯಮುನಾ ಒಬ್ಬಳೇ ಮಗಳು, ವಿಜಯಪುರದ ಕಡೆಯ ಆರೋಗ್ಯ ಕೇಂದ್ರವೊಂದರಲ್ಲಿ ನರ್ಸು. ಉಚ್ಚಂಗಮ್ಮ ಭಾವನ ಕಡೆ ತಿರುಗಲಿಲ್ಲ. ನಿರಂಜನನ ಮುಖವನ್ನು ಮಾತ್ರ ನೋಡಿದರು.

"ಈಗ ಬಿಸಿಲೈತೆ, ಆಚೆ ಮೋಡ ಕಟ್ತಾ ಐತೆ," ಎಂದರು ದೊಡ್ಡತಿಮ್ಮಪ್ಪ. "ಈಗ್ಲೇ ತುಂಬಾ ತುಂಬ್ಸಿಬಿಡು. ಇವನು ಯಾವತ್ತೂ ಹೊಟ್ಟೆ ತುಂಬ ಉಂಡೋನಲ್ಲ, ಬ್ಯಾಟ್ರಿಗೂ ಅದೇ ಪಥ್ಯ ಹಿಡ್ಸಿರ್ತಾನೆ."

ಮಾತು ಸರಿ ಅನ್ನಿಸಿತು. ಬಿಸಿಲು ಚೆನ್ನಾಗಿದ್ದರೂ ಸೂಚಕದಲ್ಲಿ ಬ್ಯಾಟರಿ ಐವತ್ತೈದು ಪಾಯಿಂಟ್ ಎರಡಕ್ಕೆ ಬಂದು, ಇನ್ನು ಸಾಕೆಂದು ಕೈ ಅಡ್ಡ ಹಿಡಿದಂತೆ ಕುಳಿತುಬಿಟ್ಟಿತ್ತು. ಇನ್ನಷ್ಟು ತುಂಬಿಕೊಂಡರೆ ಸಂಜೆಗೆ ಧೈರ್ಯ. ಆದರೂ ನಿರಂಜನನ ಬೆರಳು ಒತ್ತಲಿಲ್ಲ. ಅವನು ಮಾವ ಎಂದು ಕರೆಯುತ್ತಿದ್ದ ಮೂಡಲಗಿರಿಯಪ್ಪ ಕಾರಣವಿಲ್ಲದೆ ಒಂದು ಅಂಕಿಯನ್ನೂ ಮುಟ್ಟಿದವರಲ್ಲ.

ಹೊರಗೆ ಶಾಮಿಯಾನದ ಕೆಳಗೆ ಚಂದ್ರು ಮಾತಾಡುತ್ತಿದ್ದ. ಮೂಡಲಗಿರಿಯಪ್ಪನವರ ಜೊತೆ ಇಪ್ಪತ್ತೆರಡು ವರ್ಷ ರೈಲ್ವೆಯಲ್ಲಿ ದುಡಿದವನು.

"ಸಿಗ್ನಲ್ಲಿನ ಬ್ಯಾಟ್ರಿ ರೂಮಿನಾಗೆ ಸೆಲ್ಲು ಸಾಲಾಗಿ ಇರ್ತಿದ್ವು. ನಾವೆಲ್ಲ ಈ ತುದಿ ಒಂದು ಆ ತುದಿ ಒಂದು ನೋಡಿ, ನಡುವಿಂದೆಲ್ಲ ಅಂದಾಜಿಗೆ ಬರ್ದು ಹೋಗೋರು. ಇವನು ಅಷ್ಟನ್ನೂ ಮುಟ್ಟಿ ನೋಡೋನು. ಹಸೂ ಕೆಚ್ಚಲು ಮುಟ್ಟಿ ನೋಡ್ದಂಗೆ! ಮೂವತ್ತು ವರ್ಷ ಈ ಜಂಕ್ಷನ್ನಿನಾಗೆ ಬ್ಯಾಟ್ರಿ ಸತ್ತು ಸಿಗ್ನಲ್ ದೀಪ ಆರಿದ್ದು ಒಂದಿನಾನೂ ಇಲ್ಲ. ಯಾರಾರ ಒಬ್ರು ಭೇಷ್ ಅಂದ್ರಾ? ದೀಪ ಉರೀತಿದ್ರೆ ಯಾರಪ್ಪ ಕೇಳ್ತಾರೆ."

"ನಂಟರ ಮದ್ವಿಗೆ ಬಂದ್ರೂ ಜೇಬಿನಾಗೆ ಮೀಟರ್ ಇರ್ತಿತ್ತು," ಎಂದ ಇನ್ನೊಬ್ಬ. "ಜನರೇಟರ್ ಹತ್ರಾನೇ ಊಟಕ್ಕೆ ಕೂರೋನು." ನಾಲ್ಕಾರು ಜನ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಬಾಯಿ ಒರೆಸಿಕೊಂಡರು.

ಶಾಮಿಯಾನದ ಆಚೆ, ಬೇವಿನ ಮರದ ಬೊಡ್ಡೆಗೆ ಒರಗಿ ಒಬ್ಬಳೇ ಕುಳಿತಿದ್ದವಳು ನಗಲಿಲ್ಲ. ರಾಮಗಿರಿಯ ಬೋರಕ್ಕ. "ಒಳಗೆ ಬಾರೆ ಅಕ್ಕ, ಮುಖ ನೋಡು" ಎಂದು ಯಾರೋ ಕರೆದದ್ದಕ್ಕೆ, "ನಾನು ಮಣ್ಣಿಗೆ ಬಂದಿದೀನಿ, ಮನೀಗಲ್ಲ" ಎಂದಿದ್ದಳು. ಅವಳನ್ನು ಕಿಟಕಿಯಿಂದ ಕಂಡ ಕೂಡಲೇ ನಿರಂಜನ್ ಒಳಗೆ ಸರಿದುಕೊಂಡಿದ್ದ. ಬೆಳಗಿನಿಂದ ಹಿತ್ತಲ ಕೋಣೆ ಬಿಟ್ಟು ಅವನು ಹೊರಬರದಿದ್ದುದಕ್ಕೆ ಬ್ಯಾಟರಿಯೊಂದೇ ಕಾರಣವಾಗಿರಲಿಲ್ಲ.

*

ಅದು ಐದು ವರ್ಷದ ಹಿಂದಿನ ಮಾತು. ಹೊಳಲ್ಕೆರೆಯಲ್ಲಿ ಸೋಲಾರ್ ಅಂಗಡಿ ತೆರೆದು ಅವನಿಗಾಗ ಆರು ತಿಂಗಳು. ಯಾರೂ ನಂಬದ ಹುಡುಗನನ್ನು ಮೂಡಲಗಿರಿಯಪ್ಪ ತಮ್ಮ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಊರೂರು ತಿರುಗಿಸಿದ್ದರು. ನಿವೃತ್ತರಾದ ಮೇಲೆ ಅವರಿಗೆ ಬೇರೆ ಕೆಲಸವಿರಲಿಲ್ಲ. "ಇವನು ಓದಿದಾನೆ, ನಾನು ಬರೀ ನೋಡಿದೀನಿ. ಇಬ್ರೂ ಸೇರಿದ್ರೆ ಒಬ್ಬ ಕೆಲಸಗಾರ ಆಗ್ತೀವಿ" ಎನ್ನುತ್ತಿದ್ದರು.

ಬೋರಕ್ಕನ ಮನೆಯನ್ನೂ ಅವರೇ ತೋರಿಸಿದ್ದು. ಗಂಡ ತೀರಿದ ಮೇಲೆ ಅವಳು ನಾಟಿ ಕೋಳಿಯ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ತಂದು, ಮರಿ ಮಾಡಿ ಮಾರುತ್ತಿದ್ದಳು. ಕರೆಂಟು ಹೋದರೆ ಕಾವು ಹೋಗುತ್ತದೆ. ಅದಕ್ಕೇ ಸೋಲಾರ್. ಹಳೆಯ ಸೀಸದ ಬ್ಯಾಟರಿಗಳು ಸತ್ತಿದ್ದವು. ನಿರಂಜನ್ ಅವನ್ನು ತೆಗೆದು, ಹದಿನಾರು ಲಿಥಿಯಂ ಸೆಲ್ಲು ಜೋಡಿಸಿ, ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿದ. ಇನ್ವರ್ಟರ್ ಹಳೆಯದೇ ಇತ್ತು. ಅದರ ಎಲ್ಲ ಅಂಕಿಗಳನ್ನೂ ಹೊಸ ಬ್ಯಾಟರಿಗೆ ತಕ್ಕಂತೆ ಬದಲಿಸಿದ. ಒಂದನ್ನು ಮರೆತ.

ಸೀಸದ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಗಂಟಲಮಟ್ಟ ತುಂಬಿಸಿ ಕುದಿಸಬೇಕು. ಅದಕ್ಕದು ಎಣ್ಣೆಸ್ನಾನವಿದ್ದಂತೆ. ಹಳೆಯ ಇನ್ವರ್ಟರು ಆ ವ್ರತವನ್ನು ಬಿಡದೆ ನಡೆಸಿಕೊಂಡು ಬಂತು. ಲಿಥಿಯಂ ಸೆಲ್ಲಿಗೆ ಅದು ವಿಷ. ಮೊದಲೆರಡು ತಿಂಗಳು ಹೇಗೋ ತಡೆದುಕೊಂಡಿತು. ಮೂರನೆಯ ತಿಂಗಳು, ಪುಷ್ಯದ ಚಳಿಯಲ್ಲಿ, ಬೋರಕ್ಕ ನಂಟರ ಸೀಮಂತಕ್ಕೆಂದು ಹೊಸದುರ್ಗಕ್ಕೆ ಹೋಗಿದ್ದ ದಿನ, ನಡುಮಧ್ಯಾಹ್ನ ಬ್ಯಾಟರಿಯೊಳಗಿನ ಕಾವಲುಗಾರ ಬಾಗಿಲು ಹಾಕಿಕೊಂಡ. ಸೆಲ್ಲುಗಳನ್ನು ಕಾಯುವ ಆ ಬಿಎಂಎಸ್ ಹಲಗೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಮನೆಯೆಲ್ಲ ಆರಿತು. ಬೋರಕ್ಕ ಬಂದು ನೋಡುವ ಹೊತ್ತಿಗೆ ಕಾವಿನ ಪೆಟ್ಟಿಗೆ ತಣ್ಣಗಾಗಿ ತಾಸುಗಟ್ಟಲೆಯಾಗಿತ್ತು. ಒಳಗಿದ್ದ ಮುನ್ನೂರು ಮೊಟ್ಟೆಗೆ ಹದಿನೆಂಟು ದಿನ ತುಂಬಿತ್ತು. ಇನ್ನು ಮೂರು ದಿನ ಕಳೆದಿದ್ದರೆ ಮರಿ.

ಮರುದಿನ ಬೆಳಿಗ್ಗೆ ಇಬ್ಬರೂ ಹೋದರು. ಮೂಡಲಗಿರಿಯಪ್ಪ ಇನ್ವರ್ಟರಿನ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಹೋಗಿ, ಒಂದು ಕಡೆ ನಿಂತರು. ತಿರುಗಿ ನಿರಂಜನನನ್ನು ನೋಡಿದರು. ಅವರು ಆ ಅಂಕಿಯನ್ನು ಸರಿಮಾಡಿ, ಕನ್ನಡಕ ಜೇಬಿಗಿಟ್ಟು, ಅಂಗಳಕ್ಕೆ ನಡೆದರು.

"ತಪ್ಪು ನಂದೇ ಕಣವ್ವ. ಹೋದ ವಾರ ಬಂದಾಗ ನೋಡೋಕೆ ಹೋಗಿ ನಾನೇ ಏನೋ ಒತ್ತಿಬಿಟ್ಟಿದೀನಿ."

ಬೋರಕ್ಕ ಅಳಲಿಲ್ಲ. ಒಂದು ಮೊಟ್ಟೆ ತಂದು ಅವರ ಕಾಲ ಹತ್ತಿರದ ಕಲ್ಲಿಗೆ ಕುಟ್ಟಿ ಒಡೆದು ಅಂಗೈಯಲ್ಲಿ ಹಿಡಿದಳು. "ನೋಡು ಗಿರಿಯಪ್ಪಣ್ಣ. ಪುಕ್ಕ ಬಂದೈತೆ."

ಅವರು ನೋಡಿದರು. ಕಣ್ಣು ತೆಗೆಯದೆ ನೋಡಿದರು.

"ನನ್ನ ಹೊಸ್ತಿಲು ಇನ್ನ ತುಳೀಬ್ಯಾಡ. ನಿನ್ನ ಹೊಸ್ತಿಲು ನಾನೂ ತುಳಿಯಲ್ಲ."

ಬಾವಿಕಟ್ಟೆಯ ಹತ್ತಿರ ನಿಂತಿದ್ದ ನಿರಂಜನ್ ಒಂದು ಮಾತಾಡಿದ್ದರೆ ಸಾಕಿತ್ತು. ಆದರೆ ಆ ಸುದ್ದಿ ಹೊಳಲ್ಕೆರೆ ಮುಟ್ಟಿದರೆ ತನ್ನ ಅಂಗಡಿಯ ಬಾಗಿಲು ಮತ್ತೆ ತೆರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದ್ದುದು ಮುದುಕರಿಗೂ ಗೊತ್ತಿತ್ತು. ಹಿಂದಿರುಗುವಾಗ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳು ಒಂದರ ಹಿಂದೊಂದು ಹಾಯುತ್ತಿದ್ದಾಗ, ಅವುಗಳ ಕಡೆಗೇ ನೋಡುತ್ತ, "ಒಟ್ಟು ನೋಡಬ್ಯಾಡ. ಒಂದೊಂದೇ ನೋಡು" ಎಂದರು. ಗೇಟು ಎದ್ದಿತು. ಒಂದು ವಾರದ ಮೇಲೆ, "ಬೋರಕ್ಕಂದು ಸರಿಹೋಗೈತೆ. ನೀನು ಸ್ವಲ್ಪ ದಿನ ಆ ಕಡೆ ತಲೆ ಹಾಕ್ಬ್ಯಾಡ" ಎಂದರು. ಹೇಗೆ ಸರಿಹೋಯಿತು ಎಂದು ಅವನು ಕೇಳಲಿಲ್ಲ. ಕೇಳದಿರುವುದು ಸುಲಭವಾಗಿತ್ತು.

*

ಮಧ್ಯಾಹ್ನ ಎರಡು ಗಂಟೆಗೆ ಮೋಡದ ನೆರಳು ಅಂಗಳವನ್ನು ಒಮ್ಮೆ ದಾಟಿ ಹೋಯಿತು. ನಿರಂಜನ್ ಗುಂಡಿ ಒತ್ತಿದ. ಐವತ್ತಾರು ಪಾಯಿಂಟ್ ಎಂಟು. ಸೂಚಕದ ಅಂಕಿ ನಿಧಾನವಾಗಿ ಮೇಲೇರತೊಡಗಿತು. ಅವನು ಒಟ್ಟು ನೋಡಿದ. ಸೆಲ್ಲುಗಳನ್ನು ಒಂದೊಂದಾಗಿ ನೋಡಲಿಲ್ಲ. ತಾನೇ ಜೋಡಿಸಿದ್ದು, ಇದರಲ್ಲಿ ನೋಡುವುದೇನಿದೆ?

ಅವನು ಹಿತ್ತಲ ಕಟ್ಟೆಯ ಮೇಲೆ ಕುಳಿತು ಯಾರೋ ಕೊಟ್ಟ ಚಹಾ ಅರ್ಧ ಕುಡಿದಿದ್ದ. ಒಳಗಿನಿಂದ ಉಚ್ಚಂಗಮ್ಮನ ಧ್ವನಿ ಬಂತು, ಕೂಗಿದ್ದಲ್ಲ, ಮೆಲ್ಲಗೆ ಹೇಳಿದ್ದು: "ಸದ್ದು ನಿಂತೈತೆ."

ಬೆಳಗಿನಿಂದ ಯಾರೂ ಕಿವಿಗೊಡದಿದ್ದ ಪೆಟ್ಟಿಗೆಯ ಗುಂಯ್‌ಗುಟ್ಟುವಿಕೆ ನಿಂತಾಗ ಇಡೀ ಮನೆಗೆ ಕೇಳಿಸಿತು.

"ನೋಡಿದ್ರಾ!" ದೊಡ್ಡತಿಮ್ಮಪ್ಪ ಎದ್ದು ನಿಂತರು. "ಸಾಯೋ ಮುಂಚೆ ಅದ್ರಾಗೆ ಏನೇನು ತಿರುವಿಟ್ಟಿದ್ನೋ ಪುಣ್ಯಾತ್ಮ."

ಬೇವಿನ ಮರದ ಕೆಳಗಿನಿಂದ ಬೋರಕ್ಕನ ಮಾತು ತೂರಿ ಬಂತು. "ನನ್ನ ಮೊಟ್ಟೆಗೆ ಮಾಡ್ದಂಗೆ ತನಗೂ ಮಾಡ್ಕಂಡ."

"ಲೇ ಚಂದ್ರು, ಚಟ್ಟಕ್ಕೆ ಬಿದಿರು ತರ್ಸು. ಎತ್ತಾಣ," ಎಂದರು ದೊಡ್ಡತಿಮ್ಮಪ್ಪ.

"ಭಾವ, ಮಗಳು..." ಎಂದರು ಉಚ್ಚಂಗಮ್ಮ.

"ಅಜ್ಜ, ಒಂದರ್ಧ ಗಂಟೆ ಕೊಡ್ರಿ!" ನಿರಂಜನ್ ಕೋಣೆಯೊಳಕ್ಕೆ ಓಡುತ್ತ ಕೂಗಿದ.

ಇನ್ವರ್ಟರಿನಲ್ಲಿ ಕೆಂಪು ದೀಪ. ಕಾವಲುಗಾರ ಬಾಗಿಲು ಹಾಕಿಕೊಂಡಿದ್ದ. ನಿರಂಜನ್ ಈಗ ಬಿಎಂಎಸ್ ಹಲಗೆಗೆ ಫೋನು ಜೋಡಿಸಿ, ಪ್ರತಿ ಸೆಲ್ಲಿನ ವೋಲ್ಟನ್ನು ಒಂದೊಂದಾಗಿ ನೋಡಿದ. ಹದಿನೈದು ಸೆಲ್ಲುಗಳು ಮೂರು ಪಾಯಿಂಟ್ ಐದರ ಆಸುಪಾಸು ಸುಮ್ಮನೆ ಕುಳಿತಿದ್ದವು. ಹನ್ನೊಂದನೆಯದು ಮಾತ್ರ ಮೂರು ಪಾಯಿಂಟ್ ಆರೂವರೆ ದಾಟಿತ್ತು. ಎಲ್ಲರೂ ಉಣ್ಣುವ ಮೊದಲೇ ಅದೊಂದರ ಹೊಟ್ಟೆ ತುಂಬಿ, ಬಿರಿಯುವುದಕ್ಕೆ ಬಂದಿತ್ತು. ಅದನ್ನು ಕಾಯುವುದಕ್ಕಾಗಿಯೇ ಮುದುಕರು ಉಳಿದ ಹದಿನೈದಕ್ಕೂ ಪಥ್ಯ ಹಿಡಿಸಿದ್ದರು.

ಅಂಕಿಯನ್ನು ಐವತ್ತೈದು ಪಾಯಿಂಟ್ ಎರಡಕ್ಕೆ ಇಳಿಸಿ, ತಗಡಿನ ಪೆಟ್ಟಿಗೆಯ ಮುಚ್ಚಳ ಬಿಚ್ಚಿದ. ಆ ಸೆಲ್ಲಿನಿಂದ ಸ್ವಲ್ಪ ಇಳಿಸಬೇಕಿತ್ತು. ಏನು ಹಚ್ಚುವುದೆಂದು ಸುತ್ತ ನೋಡಿದರೆ, ಪಕ್ಕದ ಗೂಡಿನಲ್ಲೇ ಹಳೆಯ ಲಾರಿಯ ಹೆಡ್‌ಲೈಟ್ ಬಲ್ಬು, ಎರಡು ತಂತಿ, ತಂತಿಯ ತುದಿಗೆ ಕ್ಲಿಪ್ಪು. ಯಾರೋ ದಿನವೂ ಬಳಸುವ ಚಮಚದಂತೆ ಕೈಗೆ ಸಿಗುವಂತಿಟ್ಟಿದ್ದರು. ಹನ್ನೊಂದನೆಯ ಸೆಲ್ಲಿಗೆ ಕ್ಲಿಪ್ಪು ಹಚ್ಚಿದ. ಬಲ್ಬಿನ ತಂತು ಮಂದವಾಗಿ ಕೆಂಪಗಾಯಿತು.

ಆ ಬೆಳಕಿನಲ್ಲಿ ಮುಚ್ಚಳದ ಒಳಮೈ ಕಂಡಿತು. ಮಾವನ ಅಕ್ಷರದ ಒಂದು ರಟ್ಟಿನ ಕಾರ್ಡು ಅಂಟಿಸಿತ್ತು. ತಿಂಗಳು, ಹನ್ನೊಂದನೆಯ ಸೆಲ್ಲಿನ ವೋಲ್ಟು, ಷರಾ. ಐದು ವರ್ಷದ ತಿಂಗಳುಗಳು. ಷರಾದಲ್ಲಿ ಕೆಲವು ಕಡೆ 'ಸ್ವಲ್ಪ ಏರು', ಒಮ್ಮೆ 'ಮುನಿಸು', ಉಳಿದೆಡೆಯೆಲ್ಲ ಒಂದೇ ಮಾತು: 'ಪರವಾಗಿಲ್ಲ'. ಕೊನೆಯದನ್ನು ಬರೆದು ಒಂಬತ್ತು ದಿನವಾಗಿತ್ತು.

ಕಾರ್ಡಿನ ಕೆಳಗೆ, ತಗಡಿನ ಮೇಲೆಯೇ, ಮಾರ್ಕರಿನಲ್ಲಿ ಬರೆದ ಅಕ್ಷರ ಅರ್ಧ ಇಣುಕುತ್ತಿತ್ತು. ಉಗುರಿನಿಂದ ಕಾರ್ಡಿನ ಅಂಚು ಎತ್ತಿದ. ಅದು ಅವನದೇ ಕೈಬರಹ.

'ಬೋರಕ್ಕ, ರಾಮಗಿರಿ.'

ನಿರಂಜನ್ ಆ ಎರಡು ಪದಗಳನ್ನು ಎರಡು ಸಲ ಓದಿದ. ಆ ವರ್ಷ ಒಂದೇ ಅಳತೆಯ ಎರಡು ಬ್ಯಾಟರಿ ಪೆಟ್ಟಿಗೆ ಮಾಡಿದ್ದ. ಒಂದು ಬೋರಕ್ಕನಿಗೆ, ಇನ್ನೊಂದು ಅದರ ಮುಂದಿನ ತಿಂಗಳು ಮಾವನ ಮನೆಗೆ. ಹೊರಗಿನಿಂದ ಗುರುತೇ ಸಿಗದ ಅವಳಿಗಳು. ಮಾವ ತಮ್ಮ ಮನೆಯ ಗಟ್ಟಿ ಬ್ಯಾಟರಿಯನ್ನು ಅವಳಿಗೆ ಕಳಿಸಿ, ನಿರಂಜನ್ ಕೆಡಿಸಿದ್ದನ್ನು ಇಲ್ಲಿಗೆ ತಂದುಕೊಂಡಿದ್ದರು. ಬಿಟ್ಟುಬರಲಾರದೆ ತಂದುಕೊಂಡ ಜಡ್ಡಿನ ಕರುವನ್ನು ಸಾಕುವಂತೆ ಐದು ವರ್ಷ ಸಾಕಿದ್ದರು. ವಾರಕ್ಕೊಮ್ಮೆ ಈ ಕೋಣೆಯಲ್ಲಿ ಕುಳಿತು ಅವರ ಜೊತೆ ಚಹಾ ಕುಡಿದವನು, ಅದನ್ನು ಒಂದು ದಿನವೂ ತೆರೆದು ನೋಡಿರಲಿಲ್ಲ.

ಬಲ್ಬು ಉರಿಯುತ್ತಲೇ ಇತ್ತು. ಮೂರು ಪಾಯಿಂಟ್ ಐದು. ಮೂರು ಪಾಯಿಂಟ್ ನಾಲ್ಕೂವರೆ. ಹೊರಗೆ ಬಿದಿರು ಕಡಿಯುವ ಸದ್ದು ಕೇಳಿಸುತ್ತಿತ್ತು. ಇನ್ವರ್ಟರಿನ ಗುಂಡಿ ಒತ್ತಿ ಹಿಡಿದ. ಕೆಂಪು ದೀಪ ಹೋಗಿ ಹಸಿರಾಯಿತು. ನಡುಮನೆಯಲ್ಲಿ ಪೆಟ್ಟಿಗೆ ಮೊದಲು ಒಮ್ಮೆ ನಡುಗಿ, ಆಮೇಲೆ ಗುಂಯ್‌ಗುಟ್ಟಿತು.

ಬಿದಿರು ಕಡಿಯುವ ಸದ್ದು ನಿಂತಿತು.

*

"ಭೇಷ್ ಕಣೋ!" ಚಂದ್ರು ಅವನ ಬೆನ್ನು ತಟ್ಟಿದ. "ಮುದುಕ ಕೆಡಿಸಿಟ್ಟಿದ್ದನ್ನ ಸರಿ ಮಾಡ್ದೆ. ನೀನಿಲ್ದಿದ್ರೆ ಮಗಳಿಗೆ ಮುಖ ಸಿಗ್ತಿರ್ಲಿಲ್ಲ."

"ವಯಸ್ಸಾದ್ಮೇಲೆ ಕೈ ಇಡಬಾರ್ದಪ್ಪ ಇಂಥವಕ್ಕೆಲ್ಲ," ಎಂದರು ದೊಡ್ಡತಿಮ್ಮಪ್ಪ, ಈಗ ಸ್ವಲ್ಪ ಮೆತ್ತಗಾಗಿ. "ಅವನಿಗೆ ಹೇಳೋರು ಯಾರು."

ನಿರಂಜನ್ ಶಾಮಿಯಾನದ ಅಂಚಿನಲ್ಲಿ ನಿಂತಿದ್ದ. ಪೆಟ್ಟಿಗೆ ಓಡುತ್ತಿತ್ತು, ಯಮುನಾ ಬರುತ್ತಾಳೆ, ಜನ ಬೆನ್ನು ತಟ್ಟುತ್ತಿದ್ದಾರೆ. ಮತ್ತೆ ಬಾವಿಕಟ್ಟೆಯ ಹತ್ತಿರ ನಿಂತಂತೆಯೇ ಇತ್ತು. ಸುಮ್ಮನಿದ್ದರೆ ಮುಗಿಯಿತು. ಒಂದೇ ವ್ಯತ್ಯಾಸವೆಂದರೆ, ತಪ್ಪನ್ನು ತಮ್ಮದೆಂದು ಎತ್ತಿಕೊಂಡವರಿಗೆ ಈ ಸಲ ಬಾಯಿಯಿರಲಿಲ್ಲ.

"ಕೆಡಿಸಿದ್ದು ಮಾವ ಅಲ್ಲ," ಎಂದ. ಧ್ವನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಬೇವಿನ ಮರದ ಕಡೆ ನಡೆದು, ಬೋರಕ್ಕನ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ. "ಈಗ ಕೆಡಿಸಿದ್ದು ನಾನು ಬೋರಕ್ಕ. ಮಾವ ಸರಿಯಾಗೇ ಇಟ್ಟಿದ್ರು, ನಾನು ಏರ್ಸಿದೆ. ಅವತ್ತು ನಿನ್ನ ಮೊಟ್ಟೆ ಕೆಡ್ಸಿದ್ದೂ ನಾನೇ. ಒಂದು ಸೆಟ್ಟಿಂಗ್ ಮರ್ತಿದ್ದೆ. ಅವರು ಮುಟ್ಟೇ ಇರ್ಲಿಲ್ಲ."

ಶಾಮಿಯಾನದ ಕೆಳಗಿದ್ದವರು ಇತ್ತ ತಿರುಗಿದರು.

"ನಿನ್ನ ಮನೆಯಾಗೆ ಈಗಿರೋ ಬ್ಯಾಟ್ರಿ ಅವರ್ದು. ನಿಂದು ಇಲ್ಲೈತೆ, ಹಿತ್ತಲ ಕೋಣೆಯಾಗೆ. ನಂಗೂ ಈಗ್ಲೇ ಗೊತ್ತಾಗಿದ್ದು."

ಬೋರಕ್ಕ ಅವನನ್ನು ಬಿಟ್ಟು ಚಂದ್ರುವಿನ ಕಡೆ ತಿರುಗಿದಳು. "ನೀನಲ್ವೇನೋ ತಂದಿಟ್ಟಿದ್ದು? ಕಂಪನಿಯೋರು ಬದ್ಲಿ ಕೊಟ್ರು ಅಂದೆ."

"ಗಿರಿಯಪ್ಪ ಹಂಗನ್ನು ಅಂದ, ನಾನು ಹಂಗಂದೆ," ಚಂದ್ರು ತಲೆ ತಗ್ಗಿಸಿದ. "ನಂಗೇನ್ ಗೊತ್ತು ಬೋರಕ್ಕ. ಯಾಕೋ ಅಂತ ಕೇಳಿದ್ದಕ್ಕೆ, ಸುಮ್ನೆ ಹಿಡ್ಕಳ್ಲೇ ಆ ಕಡೆ, ಭಾರ ಐತೆ ಅಂದ."

ಬೋರಕ್ಕ ಬೈಯುತ್ತಾಳೆಂದು ನಿರಂಜನ್ ಕಾದ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಮೊಣಕಾಲಿಗೆ ಕೈಯೂರಿ ಎದ್ದು, ಸೆರಗು ಹೊದ್ದು, ಶಾಮಿಯಾನದ ನಡುವಿನಿಂದ ಹಾದು, ಹೊಸ್ತಿಲು ದಾಟಿ ಒಳಗೆ ಹೋದಳು. ಗಾಜಿನ ಮೇಲೆ ಮಂಜಿನಂತೆ ತೇವ ಕಟ್ಟಿತ್ತು. ಅದನ್ನು ಸೆರಗಿನಿಂದ ಒರೆಸಿ ಮುಖ ನೋಡಿದಳು.

"ಉಚ್ಚಂಗಿ, ನಿಂಗೆ ಗೊತ್ತಿತ್ತೇನೆ?"

"ಹೊಸಾದು ಹೋಯ್ತು, ಅಂಥದ್ದೇ ಇನ್ನೊಂದು ಬಂತು, ಅಷ್ಟೇ ಗೊತ್ತು," ಎಂದರು ಉಚ್ಚಂಗಮ್ಮ. "ಯಾಕ್ರೀ ಅಂದೆ. ಇದಕ್ಕೆ ಸ್ವಲ್ಪ ಜ್ವರ ಐತೆ, ನಮ್ಮನ್ಯಾಗೇ ಇರ್ಲಿ ಅಂದ್ರು."

ಬೋರಕ್ಕ ಉಚ್ಚಂಗಮ್ಮನ ಪಕ್ಕದಲ್ಲಿ ಕುಳಿತಳು.

ಯಮುನಾ ಬಂದಾಗ ಐದೂ ಮುಕ್ಕಾಲು. ಸ್ಟೇಷನ್ನಿನಿಂದ ಓಡಿಯೇ ಬಂದಿದ್ದಳು. ಗಾಜಿನ ಮುಚ್ಚಳ ಎತ್ತಿದಾಗ ಅಪ್ಪನ ಕೆನ್ನೆಗೆ ಕೆನ್ನೆ ಇಟ್ಟು, ನರ್ಸಿನ ಅಭ್ಯಾಸಕ್ಕೆ ಮಣಿಕಟ್ಟನ್ನು ಒಮ್ಮೆ ಹಿಡಿದು ನೋಡಿ, ಆಮೇಲೆ ಅತ್ತಳು. ತಾಯಿ ಕೊಟ್ಟ ನೀರನ್ನು ಅಪ್ಪನ ತುಟಿಗೆ ಬಿಟ್ಟಳು. ಹೊರಗೆ ಹಲಗೆ ಬಡಿತ ಶುರುವಾಯಿತು. ಹೊತ್ತು ಇನ್ನೂ ಒಂದಾಳೆತ್ತರ ಇರುವಾಗಲೇ ಹೊಲದ ಬದುವಿನಲ್ಲಿ ಗುಣಿಯ ಸುತ್ತ ಜನ ನಿಂತಿದ್ದರು. ಮಗಳಾದ ಮೇಲೆ ಅಣ್ಣ, ಅಣ್ಣನಾದ ಮೇಲೆ ಊರು, ಒಬ್ಬೊಬ್ಬರೂ ಮೂರು ಹಿಡಿ ಮಣ್ಣು. ಬೋರಕ್ಕ ಹಾಕಿದಳು. ಅವಳ ಹಿಂದೆ ನಿರಂಜನ್. ಒದ್ದೆ ಕರಿಮಣ್ಣು ಅವನ ಕೈಗೆ ಮೆತ್ತಿಕೊಂಡು ಬೇಗ ಬೀಳಲಿಲ್ಲ.

ತೊಟ್ಟಿಯ ಹತ್ತಿರ ಜನ ಕೈಕಾಲು ತೊಳೆದು ಹಿಂದಿರುಗಿ ನೋಡದೆ ಊರ ಕಡೆ ನಡೆಯುತ್ತಿದ್ದರು. ನಿರಂಜನ್ ಎಲ್ಲರೂ ಹೋಗಲೆಂದು ಕಾದು, ಕೊನೆಗೆ ಬಂದ. ಬೋರಕ್ಕ ಅಲ್ಲೇ ಇದ್ದಳು. ತೊಟ್ಟಿಯಿಂದ ತಂಬಿಗೆ ಮೊಗೆದು ನಿಂತಳು. ಅವನು ಏನು ಮಾಡಬೇಕೆಂದು ತಿಳಿಯದೆ ಕೈ ಚಾಚಿದ. ಅವಳು ನೀರು ಹೊಯ್ದಳು.

"ಸರಿಯಾಗಿ ತೊಳ್ಕ," ಎಂದಳು. "ಬೆರಳ ಸಂದಿನಾಗೆ ಉಳ್ಕಂಡೈತೆ."

ಅವನು ಬೆರಳುಗಳನ್ನು ಅಗಲಿಸಿದ. ಅವಳು ಮತ್ತೊಂದು ತಂಬಿಗೆ ಮೊಗೆದಳು. ಮಣ್ಣಿನ ನೀರು ಅವರಿಬ್ಬರ ಪಾದಗಳ ನಡುವೆ ಹರಿದು ಹೊಲಕ್ಕೆ ಇಳಿಯಿತು.

ಮೊಟ್ಟೆ ಕೆಟ್ಟದ್ದು ನಿನ್ನ ತಪ್ಪು ಎಂದು ಮೂಡಲಗಿರಿಯಪ್ಪ ನಿರಂಜನನಿಗೆ ಒಂದು ದಿನವೂ ಹೇಳಿರಲಿಲ್ಲ.